ಅರಬ್ಬೀ ಸಮುದ್ರ, ಮಳವಳ್ಳಿ ಶಾಖೆ

ಅರಬ್ಬೀ ಸಮುದ್ರದಲ್ಲಿ ಯಾವ ಮೀನು ಯಾವುದನ್ನು ತಿನ್ನುತ್ತದೆ ಎಂದು ತೀರ್ಮಾನಿಸುವವಳು ಮಳವಳ್ಳಿಯಲ್ಲಿದ್ದಾಳೆ ಎಂದರೆ ನೀವು ನಂಬುವುದಿಲ್ಲ. ನಂಬಬೇಡಿ. ಅವಳ ಪಕ್ಕದ ಮನೆಯಲ್ಲೇ ಇರುವ ನಾನೇ ಎಷ್ಟೋ ದಿನ ನಂಬಿರಲಿಲ್ಲ. ಅವಳು ನನ್ನ ಚಿಕ್ಕಮ್ಮ, ಅಮ್ಮನ ಒಡಹುಟ್ಟಿದ ತಂಗಿ. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡಿ ನಿವೃತ್ತಳಾದವಳು. ನಿವೃತ್ತಿಯಾದವರು ಹೂಕುಂಡ ಇಟ್ಟುಕೊಳ್ಳುತ್ತಾರೆ, ಭಜನೆಗೆ ಸೇರುತ್ತಾರೆ. ಚಿಕ್ಕಮ್ಮ ಮನೆ ಬಿಟ್ಟು ಕದಲದೆ ಸಮುದ್ರಕ್ಕೆ ಸೇರಿಕೊಂಡಳು!

ವಿಷಯ ಇಷ್ಟೆ. ಇಂಟರ್ನೆಟ್ಟಿನಲ್ಲಿ ಒಂದು ಡೇಟಾಬೇಸ್ ಇದೆ. ಊರೊಟ್ಟಿನ ಕಡತ ಅನ್ನಿ. ಯಾವ ಮೀನು ಎಲ್ಲಿ ಸಿಕ್ಕಿತು, ಅದರ ಹೊಟ್ಟೆಯಲ್ಲಿ ಏನಿತ್ತು ಎಂದು ಬಲ್ಲವರೆಲ್ಲ ಅದರಲ್ಲಿ ತುಂಬುತ್ತಾರೆ. ವಿಜ್ಞಾನಿಗಳು ಅದನ್ನಿಟ್ಟುಕೊಂಡು ಕಂಪ್ಯೂಟರಿನೊಳಗೊಂದು ಸಮುದ್ರ ಕಟ್ಟುತ್ತಾರೆ. ಈ ಮೀನು ಕಡಿಮೆಯಾದರೆ ಯಾವುದು ಉಪವಾಸ ಬೀಳುತ್ತದೆ ಎಂದು ಅದರಲ್ಲಿ ನೋಡಬಹುದು. ಒಳ್ಳೆಯ ಕೆಲಸವೇ. ಆದರೆ ಬಂಡೂರು ಕುರಿಯ ಸೀಮೆಯಲ್ಲಿ ಕೂತು ಸಮುದ್ರದ ಮೀನಿನ ಹೊಟ್ಟೆಗೆ ಎಲ್ಲಿಗೆ ಹೋಗುವುದು?

ಮೀನಿನ ಅಂಗಡಿಗೆ. ಕರಾವಳಿಯಿಂದ ಐಸಿನಲ್ಲಿ ಬರುವ ಮತ್ತಿ, ಬಂಗುಡೆಗಳನ್ನು ಚಿಕ್ಕಮ್ಮ ಕ್ಲೀನ್ ಮಾಡಿಸದೆ ಇಡಿಯಾಗಿ ತರುತ್ತಿದ್ದಳು. ಹಿತ್ತಲಲ್ಲಿ ಈಳಿಗೆಮಣೆ ಹಾಕಿಕೊಂಡು ಹೊಟ್ಟೆ ಸೀಳುವವಳು ಅಮ್ಮ. ಬಾಗಿಲಲ್ಲಿ ಲ್ಯಾಪ್‌ಟಾಪ್ ಹಿಡಿದು ಕೂತು, ಅಮ್ಮ ಕಂಡದ್ದನ್ನು ಹೇಳಿದಂತೆ ಟೈಪ್ ಮಾಡುವವಳು ಚಿಕ್ಕಮ್ಮ.

"ಲೇ, ಇದ್ನ ತಿನ್ನಾಕ್ ತಂದಿದ್ದೀಯೋ, ಓದ್ಸಾಕ್ ತಂದಿದ್ದೀಯೋ?" ಎಂದು ಅಮ್ಮ ಕೇಳಿದಳು.

"ಮೊದ್ಲು ಓದ್ಲಿ ಅಕ್ಕ, ಆಮೇಕ್ ತಿನ್ನವ."

ಮೊದಲ ವಾರವೇ ಎಡವಟ್ಟಾಯಿತು. ಮೀನು ಸಿಕ್ಕಿದ ಜಾಗ ಎಂಬಲ್ಲಿ ಚಿಕ್ಕಮ್ಮ ಪ್ರಾಮಾಣಿಕವಾಗಿ 'ಮಳವಳ್ಳಿ' ಎಂದು ತುಂಬಿದ್ದಳು. ನಕ್ಷೆಯಲ್ಲಿ ನಮ್ಮೂರಿನ ಮೇಲೊಂದು ನೀಲಿ ಚುಕ್ಕೆ ಮೂಡಿತು. ಕಡತ ನೋಡಿಕೊಳ್ಳುವವರಿಂದ ವಿನಯದ ಪತ್ರ ಬಂತು: ನಿಮ್ಮ ಮೀನು ನೆಲದ ಮೇಲೆ ಈಜುತ್ತಿದೆ, ದಯವಿಟ್ಟು ಪರಿಶೀಲಿಸಿ.

ಚಿಕ್ಕಮ್ಮ ಅಂದೇ ಅಂಗಡಿಗೆ ಹೋಗಿ, ಈ ಪೆಟ್ಟಿಗೆ ಯಾವ ಬಂದರಿನದು, ಯಾವತ್ತು ಹಿಡಿದದ್ದು ಎಂದು ಶುರುಮಾಡಿದಳು.

"ಮೇಡಮ್ಮೋರೆ, ಜನ ರೇಟ್ ಕೇಳ್ತಾರೆ, ತೂಕ ಕೇಳ್ತಾರೆ. ನೀವು ಮೀನಿನ ಆಧಾರ್ ಕಾರ್ಡ್ ಕೇಳ್ತಾ ಇದ್ದೀರಲ್ಲ" ಎಂದ ಅಂಗಡಿಯವನು. ಆದರೂ ಲಾರಿಯವನಿಗೆ ಫೋನು ಹಚ್ಚಿದ. ಅಂದಿನಿಂದ ಪೆಟ್ಟಿಗೆಯ ಜೊತೆ ಬಂದರಿನ ಹೆಸರಿನ ಚೀಟಿಯೂ ಬರತೊಡಗಿತು.

ಒಂದು ಸಲ ಹತ್ತಿರದ ಕೊಪ್ಪದಲ್ಲಿ ನೆಂಟರ ಮನೆಯ ಬೀಗರ ಊಟ. ಎಲೆಯ ಮೇಲೆ ಮುದ್ದೆ, ಮಟನ್ನು, ಪಕ್ಕದಲ್ಲಿ ಬಂಗುಡೆ ಫ್ರೈ. ಎಲ್ಲರೂ ಮಟನ್ನಿನ ಮೇಲೆ ಬಿದ್ದರೆ ಚಿಕ್ಕಮ್ಮ ಎಲೆ ಬಿಟ್ಟೆದ್ದು ನೇರ ಅಡುಗೆಯವನ ಹತ್ತಿರ ಹೋದಳು. ಮೀನಿನ ಹೊಟ್ಟೆಯದನ್ನೆಲ್ಲ ಏನು ಮಾಡಿದೆ ಎಂದು ಕೇಳಿದಳು. ದೂರು ಬಂದಿದೆ ಎಂದುಕೊಂಡು ಆತ ಬೆವೆತುಬಿಟ್ಟ.

"ಒಂದ್ಚೂರೂ ಬುಡ್ದಂಗೆ ಕ್ಲೀನ್ ಮಾಡಿವ್ನಿ ಕಣಮ್ಮ, ಆಣೆಗೂ."

"ಅದೇ ಕಣಪ್ಪ ನೀನ್ ಮಾಡಿರೋ ತಪ್ಪು."

ಇಷ್ಟರಲ್ಲಿ ನಿಜವಾದ ಜಗಳ ಶುರುವಾಯಿತು. ಒಂದು ದಿನ ಬಂದ ಚೀಟಿಯಲ್ಲಿ ಮೀನಿನ ಹೆಸರು 'ಬೂತಾಯಿ' ಎಂದಿತ್ತು. ಅಮ್ಮ ಕೈಗೆತ್ತಿಕೊಂಡವಳೇ, "ಇದು ಮತ್ತಿನೇ ಕಣೇ" ಎಂದಳು.

"ಇಲ್ಲ ಅಕ್ಕ, ಕಡತದಲ್ಲಿ ಎರಡೂ ಬ್ಯಾರೆ ಬ್ಯಾರೆ ಅವೆ."

"ಕಡತ ಮೀನ್ ಕುಯ್ದೈತಾ? ನಾನ್ ಕುಯ್ದಿವ್ನಿ."

ಚಿಕ್ಕಮ್ಮ ಭೂತಗನ್ನಡಿ ತಂದು ರೆಕ್ಕೆ, ಹುರುಪೆ ಎಲ್ಲ ನೋಡಿದಳು. ಅಕ್ಕನ ಮಾತೇ ಸರಿ. ಒಂದೂರಿನವರು ಮತ್ತಿ ಎಂದು, ಇನ್ನೊಂದೂರಿನವರು ಬೂತಾಯಿ ಎಂದು ತುಂಬಿ, ಒಂದೇ ಮೀನು ಎರಡಾಗಿತ್ತು. ಕಂಪ್ಯೂಟರಿನ ಸಮುದ್ರದಲ್ಲಿ ದೊಡ್ಡ ಮೀನುಗಳೆಲ್ಲ ಇಲ್ಲದ ಮೀನನ್ನು ತಿಂದು ಕೊಬ್ಬುತ್ತಿದ್ದವು.

ಆನ್‌ಲೈನ್ ಸಭೆಯಲ್ಲಿ ಚಿಕ್ಕಮ್ಮ ಇದನ್ನೆತ್ತಿದಾಗ, ಪಟ್ಟಿ ಮೊದಲಿನಿಂದ ಹೀಗೇ ಇದೆಯಲ್ಲ ಎಂದು ಯಾರೋ ನಯವಾಗಿ ನಕ್ಕರು. ಚಿಕ್ಕಮ್ಮ ವಾದಿಸಲಿಲ್ಲ. ಹಿತ್ತಲಿನಿಂದ ಅಮ್ಮನನ್ನು ಎಳೆತಂದು ಕ್ಯಾಮರಾದ ಮುಂದೆ ಕೂರಿಸಿದಳು. ಅಮ್ಮನ ಒಂದು ಕೈಯಲ್ಲಿ ಮತ್ತಿ, ಇನ್ನೊಂದರಲ್ಲಿ ಬೂತಾಯಿ.

"ಯೋಳಪ್ಪ, ಇದ್ರಾಗೆ ಯಾವ್ದು ಯಾವ್ದು?" ಎಂದಳು ಅಮ್ಮ. ಪರದೆಯ ಮೇಲಿನ ಮುಖಗಳೆಲ್ಲ ಕ್ಯಾಮರಾಕ್ಕೆ ಹತ್ತಿರವಾದವು.

ಅವರು ಅಲ್ಲಿ ಇಲ್ಲಿ ವಿಚಾರಿಸಿ, ಕೊನೆಗೆ ಕಡತದ ಆ ಎರಡು ಸಾಲನ್ನೂ ಒಂದು ಮಾಡಿದರು. ಸುದ್ದಿ ಕೇಳಿದ ಅಮ್ಮ ಅನ್ನ ಕಲಸುವುದನ್ನು ನಿಲ್ಲಿಸಿ, "ಪಾಪ, ಆ ದೊಡ್ಡ ಮೀನ್ಗಳು ಈಗೇನ್ ತಿಂತವೆ?" ಎಂದಳು.

ಆ ತಿದ್ದುಪಡಿಯ ಪುಟವನ್ನು ಚಿಕ್ಕಮ್ಮ ನನಗೆ ತೋರಿಸಿದಳು. ಕೊನೆಯಲ್ಲಿ 'ಕಂಡು ತಿಳಿಸಿದವರು' ಎಂಬ ಕಡೆ ಅಮ್ಮನ ಹೆಸರೊಂದೇ ಇತ್ತು. ಹಿಂದಿನ ಪುಟಗಳನ್ನೂ ತೆಗೆದು ನೋಡಿದೆ. ಎಲ್ಲದರಲ್ಲೂ ಅದೇ ಹೆಸರು.

"ನಿನ್ ಹೆಸ್ರೇ ಇಲ್ವಲ್ಲ ಚಿಕ್ಕಮ್ಮ?"

"ನೋಡ್ದೋಳು ಅವ್ಳು. ನಾನ್ ಬರೀ ಬರ್ದೋಳು ಕಣ್ಲಾ" ಎಂದಳು. ಹಿತ್ತಲ ಕಡೆ ನೋಡಿ, ದನಿ ತಗ್ಗಿಸಿ ಹೇಳಿದಳು: "ನಾನ್ ಉಟ್ದಾಗ, ನನ್ನ ಎತ್ಕೊಳ್ಳಾಕೆ ಅಂತ ಅವಳ್ನ ನಾಕ್ನೇ ಕ್ಲಾಸಿಗೇ ಇಸ್ಕೂಲ್ ಬುಡ್ಸುದ್ರು."

ನಾನು ಅಮ್ಮನನ್ನು ಕರೆದೆ. ಇಂಗ್ಲಿಷಿನಲ್ಲಿದ್ದ ಹೆಸರು ಅವಳಿಗೆ ಓದಲು ಬಾರದು. ಯಾವುದು ಎಂದು ಕೇಳಿದಳು, ತೋರಿಸಿದೆ. ಮೀನು ತೊಳೆಯುತ್ತಿದ್ದ ಬೆರಳನ್ನು ಆ ಅಕ್ಷರಗಳ ಮೇಲೆ ಒಂದೊಂದಾಗಿ ಇಡುತ್ತಾ ಹೋದಳು. ಒದ್ದೆ ಕೈಯವರನ್ನು ಕಂಪ್ಯೂಟರಿನ ಹತ್ತಿರಕ್ಕೂ ಬಿಟ್ಟುಕೊಳ್ಳದ ಚಿಕ್ಕಮ್ಮ, ಸರಿದು ಕೂತು ಅಕ್ಕನಿಗೆ ಜಾಗ ಮಾಡಿಕೊಟ್ಟಳು.