ಅಂತರಪಟದ ಕಿಂಡಿಗಳು

ತಂದೆತಾಯಿ ಹುಟ್ಟುವಾಗಲೇ ತಂದೆತಾಯಿಯಾಗಿ ಹುಟ್ಟಿರುತ್ತಾರೆ ಎಂದು ಮಕ್ಕಳು ಯಾವ ಆಧಾರದ ಮೇಲೆ ನಂಬುತ್ತಾರೋ ತಿಳಿಯದು. ನಾನಂತೂ ಮೀಸೆ ಬಂದ ಮೇಲೂ ನಂಬಿದ್ದೆ. ಅಪ್ಪ ಎಂದರೆ ಬನಹಟ್ಟಿಯ ನಮ್ಮ ಪಡಸಾಲೆಯಲ್ಲಿ, ಮಗ್ಗದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತ ಒಂದು ಗಟ್ಟಿ ಕೆಮ್ಮು. ಅವ್ವ ಎಂದರೆ ಅದರ ಪಕ್ಕದಲ್ಲಿ ಕಂಡಿಕೆಗೆ ನೂಲು ಸುತ್ತುವ ರಾಟಿಯ ಸದ್ದು. ಇವರಿಬ್ಬರೂ ಒಂದು ಕಾಲಕ್ಕೆ ಒಬ್ಬರಿಗೊಬ್ಬರು ಗುರುತಿಲ್ಲದವರಾಗಿದ್ದರು ಎಂದು ಒಪ್ಪಲಿಕ್ಕೇ ನನ್ನ ಮನಸ್ಸು ತಯಾರಿರಲಿಲ್ಲ. ಇನ್ನು ಗುರುತು ಹೇಗಾಯಿತೆಂದು ಕೇಳೋಣವೆಂದರೆ, ಆ ಕೆಮ್ಮು ಕೇಳಿದವರಿಗೆ ಅಂಥ ಪ್ರಶ್ನೆ ಗಂಟಲಿನಿಂದ ಮೇಲೆ ಬರುತ್ತಿರಲಿಲ್ಲ.

ಕೇಳುವ ಪ್ರಸಂಗ ನನ್ನ ಮದುವೆಯಿಂದ ಬಂತು. ಆಗ ಸುತ್ತಲಿನ ಸಂಸ್ಥಾನಗಳೆಲ್ಲ ಮುಂಬೈ ರಾಜ್ಯದಲ್ಲಿ ವಿಲೀನವಾಗಿದ್ದವು. ನಮ್ಮ ಮನೆಯಲ್ಲಿ ಅಪ್ಪನ ಸಂಸ್ಥಾನ ಮಾತ್ರ ಹಾಗೇ ಉಳಿದಿತ್ತು. ಅಪ್ಪ ಮುಧೋಳಕ್ಕೆ ಹೋಗಿ ನನಗೊಂದು ಹೆಣ್ಣು ಗೊತ್ತು ಮಾಡಿಕೊಂಡು ಬಂದರು. ನಾನು ಶಾಲೆಯ ಮಾಸ್ತರ, ನಾಲ್ಕು ಪುಸ್ತಕ ಓದಿ ಕೆಟ್ಟವನು. ಹೂಂ ಅನ್ನುವ ಮೊದಲು ಹುಡುಗಿಯನ್ನು ಒಮ್ಮೆ ನೋಡಬೇಕೆಂದು ಅವ್ವನ ಮೂಲಕ ಅರ್ಜಿ ಹಾಕಿದೆ.

"ನೋಡೂದೇನೈತಿ?" ಎಂದರು ಅಪ್ಪ. "ಎರಡ ಕಣ್ಣು, ಒಂದ ಮೂಗು ಅದಾವು, ನಾ ಎಣಿಸಿ ಬಂದೇನಿ. ನಮ್ಮ ಮನ್ಯಾಗ ಅಂತರಪಟ ಸರದ ಮ್ಯಾಲೇ ಹೆಣ್ಣಿನ ಮಾರಿ ನೋಡೂದು. ನಿಮ್ಮವ್ವನ್ನ ನಾ ಹಂಗ ನೋಡಿದಾಂವ. ಏನ ಕಡಿಮಿ ಆಗೇತಿ?"

ಅವ್ವ ಎದುರಿಗೇ ನಿಂತಿರುವಾಗ ಇದಕ್ಕೆ ಉತ್ತರ ಹೇಳುವಷ್ಟು ನಾನು ಓದಿರಲಿಲ್ಲ.

ಇಲ್ಲಿ ನಮ್ಮ ಮನೆತನದ ಒಂದು ರೂಢಿ ಹೇಳಬೇಕು. ಅಕ್ಕಿಕಾಳು ಬೀಳುವ ತನಕ ವಧೂವರರ ನಡುವೆ ಹಿಡಿಯುವ ಆ ಅಂತರಪಟವನ್ನು ಮದುವೆಗಂಡು ತಾನೇ ನೇಯಬೇಕು. ಹಿಡಿಯುವಾಗ ಅದರ ಕೆಳಗಿನ ಅಂಚು ನೆಲಕ್ಕೆ ತಾಗಿರಬೇಕು. ಆದರೆ ನಾನು ಮಗ್ಗಕ್ಕೆ ಕೂತರೆ ಎಳೆಗಳು ನನ್ನನ್ನೇ ನೇಯ್ದುಬಿಡುತ್ತಿದ್ದವು. ಈ ಮಗನ ಕೈಗೆ ಕೊಟ್ಟರೆ ಮದುವೆ ಮುಗಿಯುವುದಿರಲಿ, ಬಟ್ಟೆಯೇ ಮುಗಿಯುವುದಿಲ್ಲವೆಂದು ಅಪ್ಪ ಅರಿತಿದ್ದರು. ತಮ್ಮ ಮದುವೆಯ ಅಂತರಪಟವನ್ನೇ ಟ್ರಂಕಿನಿಂದ ತೆಗೆದು ಬಿಸಿಲಿಗೆ ಹಾಕಲು ಹೇಳಿದರು.

"ನೆಳ್ಳಾಗ ಹಾಕಿದ್ರ ಆಗೂದಿಲ್ಲೇನ?" ಎಂದು ಅವ್ವ ಯಾಕೋ ಹಿಂದೆಮುಂದೆ ನೋಡಿದಳು. ನಾನು ಅವಳ ಮಾತು ಕೇಳದೆ, ಅಂಚು ನೆಲಕ್ಕೆ ತಾಗುವ ಹಾಗೆ ಅಂಗಳದ ಹಗ್ಗಕ್ಕೆ ಇಳಿಬಿಟ್ಟೆ. ಬಿಸಿಲು ಬಿದ್ದದ್ದೇ ತಡ, ಪಟದಲ್ಲಿ ಎರಡು ಕಡೆ ಬೆಳಕು ತೂರಿ ಬಂತು. ಹುಳ ತಿಂದದ್ದಲ್ಲ. ನೇಯುವಾಗಲೇ ಅಲ್ಲಿಷ್ಟು ಎಳೆ ಬಿಟ್ಟು, ರೂಪಾಯಿಯಷ್ಟಗಲ ಜಾಳು ಮಾಡಿದ್ದರು. ಬೇರೆಯವರ ಸೀರೆಯಲ್ಲಿ ಒಂದು ಎಳೆ ತಪ್ಪಿದರೂ ಬಿಚ್ಚಿಸುವ ಅಪ್ಪನ ಕೈಯದು! ಒಂದು ಕಿಂಡಿ ಮೇಲಿತ್ತು, ಸರಿಯಾಗಿ ಅಪ್ಪನ ಕಣ್ಣಿನ ಮಟ್ಟಕ್ಕೆ. ಇನ್ನೊಂದು ಗೇಣು ಕೆಳಗೆ. ಅಷ್ಟರಲ್ಲಿ ಸುಕ್ಕು ಎಳೆಯಲೆಂದು ಅವ್ವ ಪಟದ ಆಚೆ ಹೋದಳು. ಕೆಳಗಿನ ಕಿಂಡಿಯಲ್ಲಿ, ಅಳೆದು ಕೂರಿಸಿದ ಹಾಗೆ, ಅವಳ ಒಂದು ಕಣ್ಣು ಬಂದು ನಿಂತಿತು.

ನಾನು ಪಡಸಾಲೆಗೆ ಹೋಗಿ ಕೇಳಿದೆ: "ಅಪ್ಪಾ, ಅವ್ವನ್ನ ನೀ ಮೊದಲ ನೋಡೇ ಇರಲಿಲ್ಲಲ್ಲ, ಮತ್ತ ಆಕಿ ಎತ್ತರ ನಿನಗ ಹೆಂಗ ಗೊತ್ತಿತ್ತು?"

ಲಾಳಿ ನಿಂತಿತು. ಕೆಮ್ಮು ಶುರುವಾಯಿತು.

"ಇನ್ನ ಎಷ್ಟ ಕೆಮ್ಮತೀರಿ, ಹೇಳಿಬಿಡ್ರಿ," ಎಂದು ಒಳಗೆ ಬಂದ ಅವ್ವ, ಕೊನೆಗೆ ತಾನೇ ಹೇಳಿದಳು. "ನಾ ರಬಕವಿಯಿಂದ ಬಾಜೂ ಮನಿ ಅತ್ತಿ ಹಂತೇಕ ಬರ್ತಿದ್ನಿ, ಕಂಡಿಕಿ ಸುತ್ತಾಕ. ಇವರ ಮಗ್ಗಕ್ಕೂ ನಾನ ಕೊಡಾಕಿ. ಕುಣಿಯಾಗ ಕುಂತಾರಿಗೆ ನನ್ನ ಪಾದ ಅಷ್ಟ ಕಾಣೂದು. ಒಂದಿವ್ಸ ಕಂಡಿಕಿ ಇಸಕೊಳ್ಳಾಕ ಎದ್ದ ನಿಂತ್ರು! ಕಂಡಿಕಿ ಇಸಕೊಳ್ಳಾಕ ಯಾವ ನೇಕಾರ ಎದ್ದ ನಿಂತಾನ?"

"ಕಾಲ ಜೋಮ ಹಿಡದಿತ್ತು," ಎಂದರು ಅಪ್ಪ.

"ದಿನಾ ಹಿಡೀತಿತ್ತೇನ್ರಿ?"

ಆಮೇಲೆ ಹಿರಿಯರೇ ರಬಕವಿಯ ಹುಡುಗಿಯನ್ನು ಗೊತ್ತು ಮಾಡಿದರಂತೆ. ಆದರೆ ಆ ಮನೆಯಲ್ಲಿ ಹುಡುಗಿಯರು ಇಬ್ಬರು: ಅವ್ವ, ಮತ್ತು ಅವಳ ಅಕ್ಕ. ಯಾವಾಕೆ ಎಂದು ಕೇಳಲು ಅಪ್ಪನಿಗೆ ಧೈರ್ಯವಿಲ್ಲ. "ನಿಮ್ಮಜ್ಜನ ಕೆಮ್ಮು ನೀ ಕೇಳಿಲ್ಲ," ಎಂದಳು ಅವ್ವ. ಅದಕ್ಕೇ ಕಿಂಡಿ. ಅಕ್ಕ ನಿಂತಿದ್ದರೆ ಪಟ ಸರಿಯುವುದರೊಳಗೆ ಓಡಿಹೋಗುವ ಹಂಚಿಕೆ.

"ನಿನಗ ಗೊತ್ತಿತ್ತಲ್ಲವ್ವಾ, ನೀನ ಹೇಳಬಾರದಿತ್ತ?"

"ಹೇಳಿದ್ರ ಎದ್ದ ನಿಲ್ಲೂದು ಬಿಡ್ತಿದ್ರು."

"ಮತ್ತ ಕೆಳಗಿನ ಕಿಂಡಿ?"

"ಮಗ್ಗದ ಮ್ಯಾಲ ಇವರ ಕಿಂಡಿ ಕಂಡ ಅದನ್ನ ನಾನ ಬಿಡಿಸೀನಿ. ಬಾಜೂ ಮನಿ ಅತ್ತಿಗೂ ಒಂದ ಕಿಂಡಿ ಇರಲಿ, ಆಕಿನೂ ನನ್ನಷ್ಟ ಎತ್ತರ, ನಿಂತ ನೋಡತಾಳ ಅಂತ ಇವರಿಗೆ ನೆವ ಹೇಳಿದೆ. ಖರೆ ಅಂದ್ರ, ನಿಂತಾಕಿ ನಾ ಅಂತ ಗೊತ್ತಾದಾಗ ಇವರ ಮಾರಿ ಹೆಂಗಾಗತೈತಿ ನೋಡಬೇಕಿತ್ತು."

"ಹೆಂಗಾಗಿತ್ತ?"

"ಮಾರಿ ಎಲ್ಲಿ ಕಾಣತೈತಿ ಅದರಾಗ? ಬರೇ ಒಂದ ಕಣ್ಣು." ಅವ್ವ ರಾಟಿಗೆ ಕೂತಳು. "ಅಷ್ಟ ಸಾಕಾತು."

ಕುಣಿಯೊಳಗಿಂದ ಅಪ್ಪ ಗದರಿದರು: "ಹೋಗಿ ನೋಡ್ಕೊಂಡ ಬಾರಲೇ ಮುಧೋಳಕ್ಕ! ಊರ ತುಂಬ ಡಂಗುರಾ ಹೊಡೀಬ್ಯಾಡ ಮತ್ತ."

ಗೆದ್ದೆನೆಂದು ಮುಧೋಳಕ್ಕೆ ಹೋದೆ. ಎದುರಿಗೆ ಅವಲಕ್ಕಿಯ ತಾಟು ಇಟ್ಟರು. ಹುಡುಗಿ ಬಂದು ಕೂತಳು, ಎದ್ದು ಹೋದಳು. ಆ ಅವಲಕ್ಕಿಯಲ್ಲಿದ್ದ ಶೇಂಗಾಕಾಳುಗಳ ಗುರುತು ನನಗೆ ಈಗಲೂ ಇದೆ. ಹುಡುಗಿಯದು ಒಂದೂ ಇರಲಿಲ್ಲ. ಇಷ್ಟು ಹೋರಾಡಿ ಹೋದವನು, ನಾಚಿಕೆಯಿಂದ ತಾಟು ಬಿಟ್ಟು ತಲೆ ಎತ್ತಿದ್ದರೆ ತಾನೇ! "ಹೆಂಗದಾಳಪಾ?" ಎಂದು ಅವ್ವ ಕೇಳಿದಾಗ "ಛಲೋ ಅದಾಳ" ಎಂದೆ.

ಹೀಗೆ ನನ್ನ ಪಾಡೂ ಕೊನೆಗೆ ಅದೇ ಅಂತರಪಟಕ್ಕೆ ಬಂದು ನಿಂತಿತು. ಆದರೆ ನಾನು ಅಪ್ಪನಿಗಿಂತ ಗಿಡ್ಡ. ಅವರ ಕಿಂಡಿ ನನ್ನ ನೆತ್ತಿಯ ಮೇಲಿತ್ತು. ತುದಿಗಾಲ ಮೇಲೆ ನಿಂತು ಇಣುಕಿದೆ. ಆಚೆಗೆ ಬಾಸಿಂಗದ ತುದಿಯಷ್ಟೇ ಕಂಡಿತು. "ಮಾಸ್ತರ, ಅಷ್ಟ ಅವಸರ ಬ್ಯಾಡ್ರಿ," ಎಂದರು ಪುರೋಹಿತರು, ಮಂದಿ ನಕ್ಕರು. ಕೆಳಗಿನ ಕಿಂಡಿಯಾದರೂ ಸಿಕ್ಕೀತೆಂದು ಬಗ್ಗಿ ನೋಡಿದರೆ, ಅಲ್ಲಿ ಆಗಲೇ ಒಂದು ಕಣ್ಣು ಹಾಯಾಗಿ ಕೂತಿತ್ತು. ಪಟದ ಬದಿಗೆ ಕಣ್ಣು ಹಾಯಿಸಿದರೆ ನನ್ನ ಅವ್ವ, ಸೊಸೆಯ ಹಿಂದೆ ನಿಂತವಳು, ತನಗೇನೂ ಗೊತ್ತಿಲ್ಲದವಳ ಹಾಗೆ ಎತ್ತಲೋ ನೋಡುತ್ತಿದ್ದಳು.

"ನಾನಂತೂ ನೋಡೇ ಮಾಡ್ಕೊಂಡೇನಿ," ಎಂದು ನನ್ನ ಹೆಂಡತಿ ಇಂದಿಗೂ ಹೇಳಿಕೊಳ್ಳುತ್ತಾಳೆ. ಆಗ ಮಕ್ಕಳು ನನ್ನ ಕಡೆ ತಿರುಗಿ, "ಅಪ್ಪಾ, ನೀ ಅವ್ವನ್ನ ಮೊದಲ ಎಲ್ಲಿ ನೋಡಿದಿ?" ಎಂದು ಕೇಳುತ್ತವೆ. ನಾನು ಕೆಮ್ಮುತ್ತೇನೆ.