ಮಗ್ಗಿ ಕೇಳಿದ ಕಂಪ್ಯೂಟರು

ದೆವ್ವ ಇಲ್ಲ ಎಂದು ನಾನು ಎಲ್ಲಿ ಬಾಯಿಬಿಟ್ಟು ಹೇಳುತ್ತೇನೋ ಅಲ್ಲೇ ಏನಾದರೊಂದು ನಡೆದು ನನ್ನ ಮಾನ ಕಳೆಯುತ್ತದೆ. ಮನೆಯಲ್ಲಾದರೆ ಇಲಿ ಎಂದು ತಳ್ಳಿಹಾಕಬಹುದು. ನನಗೆ ಇವೆಲ್ಲ ನಡೆದದ್ದು ಸರ್ಕಾರಿ ಶಾಲೆಯಲ್ಲಿ, ಹಗಲು ಹೊತ್ತಿನಲ್ಲಿ, ಸಾಕ್ಷಿಗಳ ಎದುರಿಗೆ.

ಯಲಹಂಕದಲ್ಲಿ ನನ್ನದೊಂದು ಝೆರಾಕ್ಸ್ ಅಂಗಡಿ. ಶಾಲೆಗೆ ಹೋದದ್ದು ನಾಲ್ಕನೇ ಕ್ಲಾಸಿನವರೆಗೆ. ಮಿಕ್ಕಿದ್ದನ್ನೆಲ್ಲ ಗಿರಾಕಿಗಳು ಝೆರಾಕ್ಸ್‌ಗೆ ಬಿಟ್ಟುಹೋದ ಪುಸ್ತಕಗಳಲ್ಲಿ ಓದಿಕೊಂಡೆ. ಅದಕ್ಕೇ ನಮ್ಮಲ್ಲಿ ಕೆಲಸ ಸ್ವಲ್ಪ ತಡ. ಕಂಪ್ಯೂಟರನ್ನೂ ಹಾಗೇ ಕಲಿತೆ. ಯಾರೂ ಹೇಳಿಕೊಡಲಿಲ್ಲ, ನಾನು ಕೇಳಲೂ ಇಲ್ಲ. ಆಮೇಲೆ ಜಕ್ಕೂರಿನ ಒಬ್ಬ ಇಂಜಿನಿಯರಮ್ಮನ ಜೊತೆ ಸೇರಿ, ಆಫೀಸುಗಳು ಎಸೆದ ಹಳೇ ಕಂಪ್ಯೂಟರುಗಳನ್ನು ರಿಪೇರಿ ಮಾಡಿ, ಮುಕ್ತ ತಂತ್ರಾಂಶ ತುಂಬಿ, ಬಡ ಮಕ್ಕಳ ಶಾಲೆಗಳಿಗೆ ಕೊಡುವ ಕೆಲಸಕ್ಕೆ ಇಳಿದೆ. ಮುಕ್ತ ತಂತ್ರಾಂಶ ಅಂದರೆ ಯಾರಿಗೂ ಕಾಸು ಕೊಡಬೇಕಿಲ್ಲ, ಯಾರ ಅಪ್ಪಣೆಯೂ ಬೇಡ. ನನ್ನ ಸ್ವಭಾವಕ್ಕೆ ಸರಿಹೊಂದಿತು.

ಪುಟ್ಟೇನಹಳ್ಳಿ ಕಡೆಯ ಒಂದು ಶಾಲೆಯಲ್ಲಿ ಹೆಡ್‌ ಮೇಡಂ ನಮಗೆ ಮೂಲೆಯ ಕೋಣೆ ಕೊಟ್ಟರು. ಹಿಂದೆ ಅಲ್ಲಿ ಗಣಿತದ ಮೇಷ್ಟ್ರೊಬ್ಬರು ಪಾಠ ಮಾಡುತ್ತಲೇ ಕುರ್ಚಿಗೆ ಒರಗಿ ತೀರಿಕೊಂಡಿದ್ದರಂತೆ. ಕುರ್ಚಿ ಅಲ್ಲೇ ಇತ್ತು. ಅದರಲ್ಲಿ ಯಾರೂ ಕೂರುತ್ತಿರಲಿಲ್ಲ, ಅದನ್ನು ಯಾರೂ ಎತ್ತಿಡುತ್ತಲೂ ಇರಲಿಲ್ಲ.

"ದಸರಾ ರಜೆವರೆಗೂ ನೋಡ್ತೀನಿ," ಎಂದರು ಮೇಡಂ. "ಮಕ್ಕಳು ಬಂದು ಕೂತ್ರೆ ಕೋಣೆ ನಿಮ್ದು. ಹೆದರ್ಕೊಂಡು ಬರದೇ ಹೋದ್ರೆ ಬಿಸಿಯೂಟದ ಅಕ್ಕಿ ಮೂಟೆ ಇಡಿಸ್ತೀನಿ."

"ಅಕ್ಕಿ ಹೆದರಲ್ವಾ ಮೇಡಂ?" ಎಂದೆ. ಅವರು ನಗಲಿಲ್ಲ.

ನಾಲಿಗೆ ಚಾಚಿದ್ದು

ಮೊದಲ ದಿನ ಸಿ.ಡಿ. ಹಾಕಿ ತಂತ್ರಾಂಶ ತುಂಬುವುದಕ್ಕೆ ಬಿಟ್ಟು, ನಾನೂ ಇಂಜಿನಿಯರಮ್ಮನೂ ಟೀ ಕುಡಿಯಲು ಹೋದೆವು. ಕೆಲಸ ಮುಗಿದ ಮೇಲೆ ಆ ಪೆಟ್ಟಿಗೆ ತಾನಾಗಿಯೇ ಸಿ.ಡಿ. ತಟ್ಟೆಯನ್ನು ಹೊರಗೆ ತಳ್ಳುತ್ತದೆ, ತೆಗೆದುಕೊಳ್ಳಿ ಎಂದು. ಆಗ ಕೋಣೆಯಲ್ಲಿ ಕಸ ಗುಡಿಸುತ್ತಿದ್ದವರು ಆಯಾ ಒಬ್ಬರೇ.

ನಾವು ವಾಪಸು ಬಂದಾಗ ಅವರು ಗೋಡೆಗೆ ಆನಿಕೊಂಡು ನಿಂತಿದ್ದರು. ತಟ್ಟೆಯ ಮೇಲೆ ಎರಡು ವೀಳ್ಯದೆಲೆ, ಅಡಿಕೆ, ಒಂದು ಚಿಟಿಕೆ ಕುಂಕುಮ.

"ಇದೇನು ಆಯಮ್ಮಾ?"

"ಯಾರೂ ಮುಟ್ಟಿಲ್ಲ ಕಣಕ್ಕ, ತಾನೇ ನಾಲ್ಗೆ ಚಾಚ್ತು. ಏನಾರ ಕೊಡ್ದೆ ಇದ್ರೆ ಸುಮ್ನಿರ್ತದಾ?"

ಎಲೆ ತೆಗೆಯೋಣ ಎಂದು ಕೈ ಚಾಚಿದೆ. ಸಿ.ಡಿ. ತೆಗೆದು ಎಂಟರ್ ಒತ್ತಿ ಎಂದು ಪರದೆ ಕಾಯುತ್ತಿತ್ತು; ನನ್ನ ಮೊಣಕೈ ಆ ಕೀಲಿಗೇ ತಗುಲಿತು. ತಟ್ಟೆ ಸರಕ್ಕನೆ ಒಳಗೆ ಹೋಯಿತು, ತಾಂಬೂಲದ ಸಮೇತ. ಒಳಗಿನಿಂದ ಸ್ವಲ್ಪ ಹೊತ್ತು ಅಗಿಯುವ ಸದ್ದು ಬಂತು.

ನಮ್ಮ ಇಂಜಿನಿಯರಮ್ಮ ತಲೆ ಮೇಲೆ ಕೈಹೊತ್ತು ಕುಳಿತಳು. ಆದರೆ ಆ ಲ್ಯಾಬಿನಲ್ಲಿ ಕೊನೆಯವರೆಗೂ ಒಮ್ಮೆಯೂ ಕೆಡದ ಕಂಪ್ಯೂಟರು ಎಂದರೆ ಅದೊಂದೇ. ಮಿಕ್ಕವು ಕೆಟ್ಟಾಗಲೆಲ್ಲ ಆಯಾ ನನ್ನನ್ನು ನೋಡುವ ನೋಟವಿತ್ತಲ್ಲ, ಸಂಬಂಧಿಕರಿಗೆ ಎಲೆಯಡಿಕೆ ಕೊಡದೆ ಮದುವೆ ಮಾಡಿದವಳನ್ನು ನೋಡುವ ಹಾಗೆ.

ಹೆಡ್‌ ಮೇಡಂಗೆ ಆಜ್ಞೆ

ಸುದ್ದಿ ಶಾಲೆಯಲ್ಲೆಲ್ಲ ಹರಡಿತು. ಮಕ್ಕಳು ಬಾಗಿಲವರೆಗೆ ಬಂದು ಕುರ್ಚಿ ನೋಡಿ ಹಿಂದಕ್ಕೆ ಓಡತೊಡಗಿದರು. ಇದೆಲ್ಲ ಮೂಢನಂಬಿಕೆ ಎಂದು ತೋರಿಸಲು ಮೇಡಂ ಒಂದು ಮಧ್ಯಾಹ್ನ ತಾವೇ ಒಳಗೆ ಹೋಗಿ ಕಂಪ್ಯೂಟರಿನ ಮುಂದೆ ಕುಳಿತರು.

ಕಣ್ಣು ಕಾಣದವರಿಗಾಗಿ ಪರದೆಯ ಮೇಲಿನ ಅಕ್ಷರಗಳನ್ನು ಗಟ್ಟಿಯಾಗಿ ಓದುವ ಒಂದು ಸೌಲಭ್ಯ ಅದರಲ್ಲಿತ್ತು. ಹಿಂದಿನ ದಿನ ಯಾರೋ ಏನೋ ಒತ್ತಿ ಅದನ್ನು ಎಬ್ಬಿಸಿಬಿಟ್ಟಿದ್ದರು. ಅದರ ದನಿಯೋ, ಬಾವಿಯೊಳಗೆ ಕೂತು ಮೂಗು ಹಿಡಿದುಕೊಂಡು ಮಾತಾಡಿದ ಹಾಗೆ.

ಮೇಡಂ ಮೌಸ್ ಅಲ್ಲಾಡಿಸಿದರು.

"ಖಾಲಿ," ಎಂದಿತು ಕಂಪ್ಯೂಟರು.

ಮೇಡಂ ಸುತ್ತ ನೋಡಿದರು. ಕೋಣೆ ಖಾಲಿಯೇ ಇತ್ತು.

"ನಿರ್ಗಮಿಸಿ," ಎಂದಿತು.

ಮೇಡಂ ನಿರ್ಗಮಿಸಿದರು. ಎಷ್ಟು ಬೇಗ ಎಂದರೆ ಒಂದು ಚಪ್ಪಲಿ ಒಳಗೇ ಉಳಿಯಿತು. ಮೇಲಧಿಕಾರಿಗಳ ಆದೇಶವನ್ನು ಅವರು ಯಾವತ್ತೂ ಅಷ್ಟು ಚುರುಕಾಗಿ ಪಾಲಿಸಿದ್ದಿಲ್ಲ ಎಂದು ಆಯಾ ಆಮೇಲೆ ಹೇಳಿದರು.

"ಅದು ಮಿಷನ್ನಿನ ದನಿ ಮೇಡಂ, ಪರದೆ ಮೇಲಿನ ಬಟನ್ ಹೆಸರು ಓದುತ್ತೆ ಅಷ್ಟೆ," ಎಂದು ಬಿಡಿಸಿ ಹೇಳಿದೆ.

"ಸುಮ್ನಿರ್ರೀ. 'ನಿರ್ಗಮಿಸಿ' ಅಂತಂತು. ಅಷ್ಟು ಶುದ್ಧ ಕನ್ನಡ ಬದುಕಿರೋರು ಯಾರ್ರೀ ಮಾತಾಡ್ತಾರೆ?"

ಕೇಳಿದ್ದಕ್ಕೆ ಉತ್ತರ

ದಸರಾ ಹತ್ತಿರ ಬಂತು. ನಾನು ಅಂಗಡಿ ಮುಚ್ಚಿ ಬಂದು ಏಳನೇ ಕ್ಲಾಸಿನ ಒಂದಷ್ಟು ಹುಡುಗಿಯರನ್ನು ಪುಸಲಾಯಿಸಿ ಒಳಗೆ ಕರೆತಂದೆ. ಬೇರೆ ಬೇರೆ ಕೂರಲು ಒಪ್ಪದೆ ಎಲ್ಲರೂ ಒಂದೇ ಕಂಪ್ಯೂಟರಿಗೆ ಅಂಟಿಕೊಂಡು, ಒಬ್ಬಳ ಜಡೆ ಇನ್ನೊಬ್ಬಳು ಹಿಡಿದು ಕುಳಿತರು.

ಒಂದು ಕಂಪ್ಯೂಟರಿನಿಂದ ಇನ್ನೊಂದನ್ನು ನಡೆಸಬಹುದು ಎಂದು ತೋರಿಸಲು ಇಂಜಿನಿಯರಮ್ಮ ಪಕ್ಕದ ಸ್ಟಾಫ್ ರೂಮಿನಲ್ಲಿ ಇನ್ನೊಂದು ಕಂಪ್ಯೂಟರಿನ ಮುಂದಿದ್ದಳು. ಪರದೆಯ ಮೇಲಿನ ಬಾಣ ತಾನಾಗಿ ಓಡಾಡಿ ಒಂದು ಸುತ್ತು ಬರೆಯಿತು. ಹುಡುಗಿಯರಿಗೆ ಖುಷಿ. ಅವರಲ್ಲಿ ಗಟ್ಟಿಗಿತ್ತಿಯೊಬ್ಬಳು ಕೀಲಿ ಹುಡುಕಿ ಹುಡುಕಿ 'ಯಾರು?' ಎಂದು ಬರೆದಳು.

ಆಮೇಲೆ ಒಂದೊಂದೇ ಅಕ್ಷರ ಮೂಡಿತು: 'ಮೇಷ್ಟ್ರು. ಹದಿನೇಳರ ಮಗ್ಗಿ ಹೇಳು.'

ಕೋಣೆಯಲ್ಲಿ ಉಳಿದವಳು ನಾನೊಬ್ಬಳೇ.

ಸಿಟ್ಟು ನೆತ್ತಿಗೇರಿತು. ಸ್ಟಾಫ್ ರೂಮಿಗೆ ನುಗ್ಗಿ, "ಇಂಥ ತಮಾಷೆ ಬೇಕಿತ್ತೇನಮ್ಮಾ? ಅಷ್ಟು ಕಷ್ಟಪಟ್ಟು ಕರ್ಕೊಂಡು ಬಂದಿದ್ದೆ," ಎಂದೆ.

ಆಕೆ ಕಾಫಿ ಲೋಟ ಕೆಳಗಿಟ್ಟಳು. "ಏನು ತಮಾಷೆ ಅಕ್ಕಾ? ಒಂದು ರೌಂಡ್ ಹಾಕ್ದೆ, ಕಾಫಿ ಬಂತು, ಬಿಟ್ಬಿಟ್ಟೆ. ನಾನು ತಮಿಳೋಳು. ಕನ್ನಡ ಮಾತಾಡ್ತೀನಿ, ಬರಿಯೋಕೆ ಎಲ್ಲಿ ಬರುತ್ತೆ?"

ಅಲ್ಲಿ ಬೇರೆ ಯಾರೂ ಇರಲಿಲ್ಲ. ಹುಡುಗಿಯರಲ್ಲೇ ಯಾರೋ ಬರೆದಿರಬೇಕು ಎಂದು ನಾನು ಇವತ್ತಿಗೂ ನಂಬಿದ್ದೇನೆ. ನಂಬುವುದಕ್ಕೆ ಹಠ ಬೇಕು. ಅದು ನನ್ನಲ್ಲಿ ಸಾಕಷ್ಟಿದೆ.

ಎಲ್ಲ ಆರಿಸಿ ಇಬ್ಬರೂ ಗೇಟಿನವರೆಗೆ ತೀರಾ ಹತ್ತಿರ ಹತ್ತಿರವೇ ನಡೆದೆವು. ಆಕೆ ಮೆಲ್ಲಗೆ ಕೇಳಿದಳು: "ಅಕ್ಕಾ, ಹದಿನೇಳರ ಮಗ್ಗಿ ನಿಮಗೆ ಬರುತ್ತಾ?"

ಇಬ್ಬರಿಗೂ ಬರುತ್ತಿರಲಿಲ್ಲ.

ತಾಯಂದಿರು ಬಂದರು

ಮರುದಿನ ಬೆಳಿಗ್ಗೆ ನಾನು ಹೋಗುವಷ್ಟರಲ್ಲಿ ಅಕ್ಕಿ ಮೂಟೆಗಳು ಕೋಣೆಯ ಬಾಗಿಲಿಗೆ ಬಂದಿದ್ದವು. ಗೇಟಿನ ಹತ್ತಿರ ತಾಯಂದಿರ ಗುಂಪು. ಕಟ್ಟಡದ ಕೆಲಸದವರು, ಮನೆಗೆಲಸದವರು, ಅಟ್ಟೂರು ಕಡೆಯ ಬುರ್ಖಾ ತೊಟ್ಟ ಒಬ್ಬರು, ಎಲ್ಲರೂ ಕೂಲಿ ಬಿಟ್ಟು ಬಂದಿದ್ದರು. "ಹೋಗಿ, ನೀವೇ ಉತ್ತರ ಕೊಡಿ," ಎಂದರು ಮೇಡಂ.

ಮುಂದೆ ನಿಂತಿದ್ದಾಕೆ ಕೇಳಿದಳು: "ಸತ್ತೋದ ಮೇಷ್ಟ್ರು ಒಳಗೆ ಪಾಠ ಮಾಡ್ತಾವ್ರಂತೆ, ದಿಟಾನಾ?"

"ಸುಳ್ಳಮ್ಮಾ. ದೆವ್ವ ಇಲ್ಲ, ಏನೂ ಇಲ್ಲ."

ಎಲ್ಲರ ಮುಖವೂ ಬಾಡಿತು.

"ಇಲ್ವಾ? ಬನ್ರೇ ಓಗಣ," ಎಂದು ಆಕೆ ತಿರುಗಿಯೇಬಿಟ್ಟಳು.

"ಯಾಕಮ್ಮಾ, ಇಲ್ಲ ಅಂದ್ರೆ ಒಳ್ಳೇದಲ್ವಾ?"

"ಏನ್ ಒಳ್ಳೇದು? ಲೆಕ್ಕಕ್ಕೆ ಬಂದ ಮೇಷ್ಟ್ರುಗಳೆಲ್ಲ ವರ್ಗ ಮಾಡಿಸ್ಕೊಂಡು ಓಗ್ತಾರೆ. ಇವ್ರೊಬ್ರು ಸತ್ತ ಮೇಲೂ ರಜಾ ಆಕ್ದೆ ಬರ್ತಾವ್ರಲ್ಲಾ, ಮಕ್ಕಳನ್ನ ಈ ಕ್ಲಾಸ್ಗೆ ಸೇರಿಸಣ ಅಂತ ಬಂದ್ವಿ."

ಬುರ್ಖಾದಾಕೆ ಹೇಳಿದರು: "ನಮ್ದು ಮಗಳು ರಾತ್ರಿ ಎಲ್ಲ ಕೂತ್ಕೊಂಡಿ ಹದಿನೇಳರ ಮಗ್ಗಿ ಬಾಯಿಪಾಠ ಮಾಡ್ಬಿಟ್ಟಳು ಮೇಡಂ. ನಾವು ಹೇಳಿದ್ರೆ ಮಾಡ್ತಾಳಾ?"

ನಾನು ಹಿಂದೆ ನೋಡಿದೆ. ಮೇಡಂ ಮೂಟೆಗಳನ್ನು ನೋಡುತ್ತಿದ್ದರು, ಆಮೇಲೆ ನನ್ನನ್ನು. ಸುಳ್ಳು ಹೇಳಿ ಬದುಕಿದವಳಲ್ಲ ನಾನು. ಈಗ ಸುಳ್ಳು ಹೇಳಿ ಕೋಣೆ ಉಳಿಸಿಕೊಳ್ಳುವುದೂ ಬೇಕಿರಲಿಲ್ಲ.

"ನಾನು ದೆವ್ವ ನೋಡಿಲ್ಲ," ಎಂದೆ. "ಆದ್ರೆ ಮಗ್ಗಿ ಕೇಳಿದ್ದು ನಿಜ. ಯಾರು ಕೇಳಿದ್ದು ಅಂತ ನನಗೆ ಗೊತ್ತಿಲ್ಲ."

ಅವರಿಗೆ ಅಷ್ಟು ಸಾಕಾಯಿತು. ಮಕ್ಕಳನ್ನು ರಟ್ಟೆ ಹಿಡಿದು ಒಳಗೆ ಕೂರಿಸಿದರು. ಜಾಗ ಸಾಲದೆ ಕೆಲವರು ಅಕ್ಕಿ ಮೂಟೆಯ ಮೇಲೇ ಕುಳಿತರು.

ಹೋಗುವ ಮುಂಚೆ ಮುಂದಾಳು ಹೆಂಗಸು ಚಪ್ಪಲಿ ಬಿಟ್ಟು ಹೊಸಿಲಲ್ಲಿ ನಿಂತು, ಖಾಲಿ ಕುರ್ಚಿಗೆ ಕೈಮುಗಿದು ಹೇಳಿದಳು: "ಸಾ, ನಮ್ಮುಡ್ಗ ಲೆಕ್ಕದಲ್ಲಿ ಒಸಿ ಮಂಕು. ಎಲ್ಡು ಬಾರಿಸಿ ಕಲ್ಸಿ. ನಾವೇನೂ ಅನ್ಕಳಾಕಿಲ್ಲ."

ಅದೇ ಹೊತ್ತಿಗೆ ಕರೆಂಟು ಹೋಯಿತು. ಮೂಲೆಯಲ್ಲಿದ್ದ ಯುಪಿಎಸ್ ಪೆಟ್ಟಿಗೆ ಒಂದೇ ಸಲ 'ಕುಂಯ್' ಎಂದಿತು.

"ಒಪ್ಕೊಂಡ್ರು," ಎಂದು ಆಕೆ ಸೆರಗು ಸಿಕ್ಕಿಸಿಕೊಂಡು ಕೆಲಸಕ್ಕೆ ಹೋದಳು.