ಸೂಪರ್‌ವೈಸರ್ ಮಾವನ ಕೈಕೆಳಗೆ

ನನ್ನ ಮಾವನಂಥ ಮೇಲಧಿಕಾರಿ ನಿಮ್ಮ ಶತ್ರುವಿಗೂ ಬೇಡ! ಮಾವ ಎಂದರೆ ನನ್ನ ಗಂಡನ ತಂದೆ. ಹುಡುಗನಾಗಿದ್ದಾಗಲೇ ಉಡುಪಿ ಕಡೆಯಿಂದ ಮದ್ರಾಸಿಗೆ ಬಂದು, ಮೈಲಾಪೂರಿನ ಹೋಟೆಲೊಂದರಲ್ಲಿ ಸೂಪರ್‌ವೈಸರ್ ಆಗಿ ನಿವೃತ್ತರಾದವರು. ಈಗ ಮರೆವಿನ ಕಾಯಿಲೆ. ಹೆಂಡತಿ ತೀರಿಕೊಂಡದ್ದು ಮರೆತಿದ್ದಾರೆ, ನಾನು ಸೊಸೆ ಎನ್ನುವುದನ್ನೂ ಮರೆತಿದ್ದಾರೆ. ಹೋಟೆಲ್ ಮಾತ್ರ ಮರೆತಿಲ್ಲ! ನಮ್ಮ ಪುಟ್ಟ ಫ್ಲ್ಯಾಟೇ ಈಗ ಅವರ ಹೋಟೆಲ್, ನಾನೊಬ್ಬಳೇ ಸಿಬ್ಬಂದಿ.

ಬೆಳಿಗ್ಗೆ ಹಾಲಿನವನಿಗಿಂತ ಮೊದಲು ಅಡುಗೆಮನೆ ಬಾಗಿಲಲ್ಲಿ ಹಾಜರು. “ಇಡ್ಲಿ ಬೇಯ್ಲಿಕ್ಕೆ ಇಟ್ಟಾಯ್ತಾ? ಗಿರಾಕಿ ಬರುವ ಹೊತ್ತಾಯ್ತು ಮಾರಾಯ್ತಿ!” ಸಾಂಬಾರನ್ನು ಅಂಗೈಗೆ ಹಾಕಿಸಿಕೊಂಡು, ನಿಂತೇ ನೆಕ್ಕಿ, ಮುಖ ಹಿಂಡುತ್ತಾರೆ. “ಹುಳಿ ಕಮ್ಮಿ. ಬಡಿಸ್ಬೇಡ.” ಬಡಿಸುವುದು ಯಾರಿಗೆ? ನನ್ನ ಗಂಡನಿಗೆ! ಆ ಮಹಾಶಯರು ಅದನ್ನೇ ಸುರಿದುಕೊಂಡು ತಿಂದು, “ಅಪ್ಪ ಅಲ್ವಾ, ಸ್ವಲ್ಪ ಅಡ್ಜಸ್ಟ್ ಮಾಡ್ಕೊ” ಎಂದು ವಿಮಾ ಕಚೇರಿಗೆ ಹೊರಡುತ್ತಾರೆ. ಸ್ನಾನ ಮಾಡಿಸುವುದು, ಮಾತ್ರೆ ನುಂಗಿಸುವುದು, ಬಾಗಿಲು ತೆಗೆದುಕೊಂಡು ಬಸ್‌ಸ್ಟಾಪಿನವರೆಗೆ ಹೋದವರನ್ನು ಓಡಿಹೋಗಿ ಕರೆತರುವುದು, ಎಲ್ಲ ನಾನೇ ಅಡ್ಜಸ್ಟ್ ಮಾಡಿಕೊಳ್ಳಬೇಕು!

ಇನ್ನು ಇದೇ ಮದ್ರಾಸಿನ ಕ್ರೋಂಪೇಟೆಯಲ್ಲಿರುವ ನಾದಿನಿ, ಅಂದರೆ ಮಾವನ ಸ್ವಂತ ಮಗಳು. ಅವಳದು ಫೋನಿನಲ್ಲೇ ಸೇವೆ. “ಅತ್ತಿಗೆ, ನೀವು ಸ್ಟ್ರೆಸ್ ತಗೋಬಾರ್ದು. ನಿಮಗೇ ಅಂತ ಸ್ವಲ್ಪ ಟೈಮ್ ಇಟ್ಕೊಳ್ಳಿ.” ಎಲ್ಲಿಡಲಿ, ಫ್ರಿಜ್ಜಿನಲ್ಲೇ? ಅಪ್ಪನನ್ನು ನಾಲ್ಕು ದಿನ ನೋಡಿಕೊಳ್ಳಮ್ಮ ಎಂದರೆ ಮನೆಗೆ ಪೇಂಟಿಂಗ್ ನಡೆದಿದೆಯಂತೆ. ವರ್ಷದಿಂದ ನಡೆದಿದೆ, ಅರಮನೆಗೂ ಅಷ್ಟು ಬಣ್ಣ ಹಿಡಿಯಲಾರದು!

ಮೇ ತಿಂಗಳ ಒಂದು ಭಾನುವಾರ ಬಂದವಳು ಕಾಫಿ ಕುಡಿದು, ನನಗೆ ಪ್ರಾಣಾಯಾಮದ ವೀಡಿಯೊ ತೋರಿಸತೊಡಗಿದಳು. ಮಾವ ಅವಳ ಹಿಂದೆ ಬಂದು ನಿಂತರು. ಕೆಮ್ಮಿದರು. ಮೇಜು ಒರೆಸಿದರು. ಅವಳು ಏಳಲಿಲ್ಲ. ಹೋಗಿ ಫ್ಯಾನ್ ಆರಿಸಿಯೇಬಿಟ್ಟರು! ಕಾಫಿ ಮುಗಿದರೂ ಹರಟುತ್ತ ಕೂರುವ ಗಿರಾಕಿಯನ್ನು ಎಬ್ಬಿಸಲು ಅವರ ಹೋಟೆಲಿನಲ್ಲಿದ್ದ ಕ್ರಮವೇ ಅದು. ನಾದಿನಿ ಬೆವರಿ ಬೇಸತ್ತು ಎದ್ದಳು. “ನಾಳೈಕ್ಕು ವಾಂಗಮ್ಮಾ”, ಅಂದರೆ ನಾಳೆ ಬನ್ನಿಯಮ್ಮ, ಎಂದು ಹೆತ್ತ ಮಗಳನ್ನು ಗಿರಾಕಿಯ ಹಾಗೆ ತಮಿಳಿನಲ್ಲಿ ಬೀಳ್ಕೊಟ್ಟರು. ಅಂದು ಮಾತ್ರ ನನಗೆ ಅವರ ಮೇಲೆ ಪ್ರೀತಿ ಉಕ್ಕಿತು!

ಮರುದಿನದಿಂದ ನನಗೆ ಮತ್ತೆ ಸಿಟ್ಟು. ಎಂಥ ಸಿಟ್ಟು ಅಂತೀರಿ? ಕುಕ್ಕರ್ ಕೂಗಿದರೆ ಕುಕ್ಕರಿಗೇ ಬೈಯುವಷ್ಟು! ಕತ್ತು ಹಿಡಿದಿತ್ತು, ನಿದ್ದೆ ಬಿಟ್ಟುಹೋಗಿತ್ತು. ನನಗೇನೋ ಆಗಿದೆ ಎಂದು ಮನೆಯಲ್ಲಿ ಯಾರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ಮೊನ್ನೆ ಬೆಳಿಗ್ಗೆ ಅವರು ಮತ್ತೆ “ಬಡಿಸ್ಬೇಡ” ಎಂದಾಗ, “ಹಾಗಾದ್ರೆ ನೀವೇ ಮಾಡ್ಕೊಳ್ಳಿ!” ಎಂದು ಕಿರುಚಿ ಸೌಟನ್ನು ಬಿಸಾಡಿದೆ. ಗೋಡೆಯೆಲ್ಲ ಸಾಂಬಾರ್.

ಮಾವ ಬೆದರಲಿಲ್ಲ, ಗದರಲಿಲ್ಲ. ನನ್ನ ಕೈ ಹಿಡಿದು ನೋಡಿದರು.

“ನಡುಗ್ತಾ ಉಂಟು. ಕೈ ನಡುಗುವವರನ್ನು ಒಲೆ ಹತ್ರ ಬಿಡ್ಲಿಕ್ಕಿಲ್ಲ. ನಾಲ್ಕು ದಿನ ಊರಿಗೆ ಹೋಗಿ ಮಲಗು. ಯಜಮಾನರ ಹತ್ರ ನಾನು ಹೇಳ್ತೇನೆ.”

ಈ ಮಾತನ್ನು ನನಗೆ ಹೇಳಿದವರು ಅವರೊಬ್ಬರೇ! ಕೂಡಲೇ ನಾದಿನಿಗೆ ಫೋನ್ ಮಾಡಿದೆ. “ನಾಳೆ ಬೆಳಿಗ್ಗೆ ಬಟ್ಟೆಬರೆ ತಗೊಂಡು ಬಾ. ನನಗೆ ರಜೆ ಸ್ಯಾಂಕ್ಷನ್ ಆಗಿದೆ.”

“ಆದ್ರೆ ಅತ್ತಿಗೆ, ಪೇಂಟಿಂಗು...”

“ಗೋಡೆ ಎಲ್ಲಿಗೂ ಓಡಿಹೋಗಲ್ಲ. ನಿಮ್ಮಪ್ಪ ಓಡಿಹೋಗ್ತಾರೆ!”

ಬಂದಳು. ನಾನು ಬ್ಯಾಗ್ ಹಿಡಿದು ಹೊರಟಾಗ ಮಾವ ಮೆಟ್ಟಿಲವರೆಗೆ ಬಂದರು. ಅಷ್ಟು ದೊಡ್ಡ ದನಿ ಸಣ್ಣಗಾಗಿತ್ತು.

“ರಜೆಗೆ ಅಂತ ಊರಿಗೆ ಹೋದವರು ಸುಮಾರು ಜನ ವಾಪಸು ಬರ್ಲೇ ಇಲ್ಲ. ನೀನು ಬರ್ತೀಯಲ್ಲ? ಇಲ್ಲಿ ನನಗೆ ಬೇರೆ ಯಾರದ್ದೂ ಗುರ್ತ ಇಲ್ಲ.”

“ಬರ್ತೇನೆ ಮಾವ” ಎಂದು ಬ್ಯಾಗ್ ಕೆಳಗಿಟ್ಟು, ಸಡಿಲವಾಗಿದ್ದ ಅವರ ಪಂಚೆಯನ್ನು ಬಿಗಿ ಮಾಡಿದೆ. ಆಟೊದಲ್ಲಿ ಕುಳಿತ ಮೇಲೆ ಅಳು ಬಂತು.